ಎರಡನೆಯ ತೋಟೆ

ಲೋಹ ಹುಡುಕುವ ಡಿಟೆಕ್ಟರ್ ಮತ್ತೆ ಕಿರುಗುಟ್ಟಿತು.

“ಇನ್ನೊಂದು ಬಿಯರ್ ಡಬ್ಬಿ,” ಎಂದ ಕರ್ಟ್. “ಪಂಥ ಕಟ್ತೀರಾ, ಬೆವ್?”

“ಬಾಯಿ ಮುಚ್ಕೊಂಡು ಹಿಮ ಕೆದರು.”

ಅವನು ಗೊಣಗುತ್ತಾ ಮೊಣಕಾಲೂರಿ ಕೂತ. ನಮ್ಮ ಕೌಂಟಿಯ ಶೆರಿಫ್ ಕಚೇರಿಯಲ್ಲಿ ನನ್ನ ಕೈಕೆಳಗಿರುವ ಡೆಪ್ಯುಟಿ ಪೊಲೀಸರಲ್ಲಿ ಇವನೇ ಚುರುಕಿನವನು ಎಂದರೆ ಮಿಕ್ಕವರು ಹೇಗಿರಬಹುದು ಎಂದು ನೀವೇ ಊಹಿಸಿಕೊಳ್ಳಿ. ಬೆಳಗ್ಗಿನಿಂದ ಇದೇ ಕೆಲಸ. ಇದುವರೆಗೆ ಸಿಕ್ಕಿದ್ದು ಡಬ್ಬಿಗಳು, ತುಕ್ಕು ಹಿಡಿದ ಮೊಳೆ, ಯಾರದೋ ಸ್ನಾನಗೃಹದ ಬಾಗಿಲಿನ ತಿರುಗಣೆ. ಅದು ಈ ಜೌಗು ಕಾಡಿಗೆ ಹೇಗೆ ಬಂತೆಂದು ದೇವರೇ ಬಲ್ಲ.

ಬೇಟೆಯ ಮೊದಲ ದಿನ ಗೋರ್ಡಿ ಲಾಹ್ತಿ ಬೇಟೆಗೆ ಅಡಗಿ ಕೂರುವ ತನ್ನ ಹಲಗೆ ಮರೆಯಲ್ಲಿ ಕೂತಲ್ಲೇ ಗುಂಡು ತಿಂದು ಸತ್ತಿದ್ದ. “ಜಿಂಕೆಗೆ ಹೊಡೆದ ನನ್ನ ಗುಂಡೇ ಗುರಿ ತಪ್ಪಿ ತಗುಲಿದ್ದು” ಎಂದು ಒಪ್ಪಿಕೊಂಡ ವೇಡ್ ಪೆಲ್ಟೊ ನಮ್ಮ ಜೈಲಿನಲ್ಲಿದ್ದ. ನಾಳೆ ಬೆಳಿಗ್ಗೆ ನ್ಯಾಯಾಧೀಶರ ಮುಂದೆ ಅದನ್ನೇ ಹೇಳುತ್ತಾನೆ. ಹೇಳಿದ ಮೇಲೆ ಆ ಮಾತನ್ನು ವಾಪಸ್ಸು ಪಡೆಯುವುದು ಸುಲಭವಲ್ಲ. ನನ್ನ ಕೈಯಲ್ಲಿದ್ದದ್ದು ಇವತ್ತಿನ ಬೆಳಕು ಮಾತ್ರ. ನವೆಂಬರಿನಲ್ಲಿ ನಮ್ಮ ಕಡೆ ಬೆಳಕು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

“ಬೆವ್.”

ಕರ್ಟ್‌ನ ದನಿ ಬದಲಾಗಿತ್ತು. ಹಿಮದ ಕೆಳಗೆ, ಕಂದು ಎಲೆಗಳ ಮೇಲೆ, ಹಿತ್ತಾಳೆಯ ಒಂದು ಖಾಲಿ ತೋಟೆ ಬಿದ್ದಿತ್ತು.

“ಮುಟ್ಟಬೇಡ!”

ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದೆ. ತೋಟೆಯ ಬಾಯಿ ಒಂದು ಕಡೆ ಚಪ್ಪಟೆಯಾಗಿತ್ತು, ಯಾರೋ ಹಲ್ಲಿನಿಂದ ಕಚ್ಚಿದ ಹಾಗೆ. ನನಗೆ ಕೂಗಬೇಕೆನ್ನಿಸಿತು. ಕೂಗಲಿಲ್ಲ. ಈ ವಯಸ್ಸಿನಲ್ಲಿ ಕಾಡಿನಲ್ಲಿ ನಿಂತು ಕೂಗಿದರೆ ಕರ್ಟ್ ಅದನ್ನು ಊರೆಲ್ಲ ಹಂಚುತ್ತಾನೆ.

“ಅಂದ್ರೆ ಅವತ್ತು ಶೆರಿಫ್‌ಗೆ ಸಿಕ್ಕಿದ್ದೂ ಸೇರಿ ಎರಡು ತೋಟೆ,” ಎಂದ ಅವನು. “ಆದ್ರೆ ವೇಡ್ ಹೊಡೆದದ್ದು ಒಂದೇ ಗುಂಡು. ತಾಯಾಣೆ ಒಂದೇ ಅಂದಿದ್ದಾನೆ.”

“ಹೌದು. ಅವನು ಹೊಡೆದದ್ದು ಇದು.”

“ಹಾಗಾದ್ರೆ ಶೆರಿಫ್‌ಗೆ ಸಿಕ್ಕಿದ್ದು?”

ಅದೇ ಪ್ರಶ್ನೆ ನನ್ನನ್ನು ನಿದ್ದೆಗೆಡಿಸಿತ್ತು. ಶೆರಿಫ್‌ಗೆ ಸಿಕ್ಕ ತೋಟೆ ಇಲ್ಲೇ ಸ್ವಲ್ಪ ಆಚೆ, ಕಡಿದ ಮರದ ಬೊಡ್ಡೆಯೊಂದರ ಪಕ್ಕ ಬಿದ್ದಿತ್ತು. ಅದೂ ಇದೇ ಅಳತೆಯದು, ಇದೇ ಬಗೆಯ ಕೋವಿಯದು. ನಮ್ಮಲ್ಲಿ ಮನೆಗೊಂದರಂತೆ ಇರುವ, ಮರದ ಹಿಡಿಯ, ಸಣ್ಣ ಸೆಮಿ ಆಟೋಮ್ಯಾಟಿಕ್ ಬೇಟೆ ಕೋವಿ. ಟ್ರಿಗರ್ ಎಳೆದ ಪ್ರತಿಸಲವೂ ಒಂದು ಗುಂಡು ಹಾರಿಸಿ, ಖಾಲಿಯಾದದ್ದನ್ನು ಹೊರಗೆ ದಬ್ಬಿ, ಮುಂದಿನದನ್ನು ತಾನೇ ತುಂಬಿಕೊಳ್ಳುತ್ತದೆ.

ಆ ಕೋವಿಗೆ ಒಂದು ಕೆಟ್ಟ ಚಾಳಿ ಇದೆ. ಖಾಲಿ ತೋಟೆಯನ್ನು ಅದು ಬೀಳಿಸುವುದಿಲ್ಲ, ಸಿಟ್ಟು ಬಂದವರಂತೆ ಎಸೆಯುತ್ತದೆ. ಬಲಕ್ಕೆ, ಮುಂದಕ್ಕೆ, ಎರಡು ಟ್ರಕ್ಕುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ದೂರ. ಎಸೆಯುವಾಗ ಅದರ ಬಾಯಿಯನ್ನು ಚಪ್ಪಟೆಯೂ ಮಾಡುತ್ತದೆ. ಇದು ನಮ್ಮೂರಿನ ಮಕ್ಕಳಿಗೂ ಗೊತ್ತು.

ಆದ್ದರಿಂದಲೇ ಬೊಡ್ಡೆಯ ಬಳಿ ತೋಟೆ ಕಂಡ ಕೂಡಲೇ ಶೆರಿಫ್ ಅಲ್ಲಿಂದ ಹಿಂದಕ್ಕೆ, ಎಡಕ್ಕೆ ಕಣ್ಣು ಹಾಯಿಸಿದ. ಅಲ್ಲಿ ಮರದ ಮೇಲೆ ವೇಡ್‌ನ ಮಚಾನು ಕಂಡಿತು. ಹುಡುಕಾಟ ಅಲ್ಲಿಗೇ ನಿಂತಿತು. ಕೋವಿ ಮುಟ್ಟಿ ನೋಡದ ಪಟ್ಟಣದ ಪೊಲೀಸನೊಬ್ಬ ಬಂದಿದ್ದರೆ, ತೋಟೆ ಎಲ್ಲಿ ಬಿದ್ದಿದೆಯೋ ಹೊಡೆದವನೂ ಅಲ್ಲೇ ಕೂತಿದ್ದ ಎಂದುಬಿಡುತ್ತಿದ್ದ. ಅವನ ಮಾತೇ ಸರಿಯಾಗಿರುತ್ತಿತ್ತು. ನಮಗೆ ಕೋವಿಯ ಬಗ್ಗೆ ಹೆಚ್ಚು ಗೊತ್ತಿದ್ದದ್ದೇ ಮುಳುವಾಯಿತು.

ಏಕೆಂದರೆ ಆ ಮೊದಲ ತೋಟೆಯ ಬಾಯಿ ದುಂಡಗೆ, ಹೊಸ ಬಳೆಯಂತೆ ಇತ್ತು. ಎಲ್ಲೂ ಒಂದು ತಗ್ಗಿಲ್ಲ.

“ನೀನು ಇಲ್ಲೇ ಇರು,” ಎಂದು ಕರ್ಟ್‌ಗೆ ಹೇಳಿ ನಾನು ಬೊಡ್ಡೆಯ ಮೇಲೆ ಕೂತೆ. ಮೊಣಕಾಲಿನ ಮೇಲೆ ಮೊಣಕೈ ಊರಿದೆ, ಕೋವಿ ಹಿಡಿದವರಂತೆ.

ಬೊಡ್ಡೆಯಿಂದ ಜಿಂಕೆಗಳ ಹಾದಿ ಕಾಣುವುದಿಲ್ಲ. ದೇವದಾರು ಮರಗಳು ಅದನ್ನು ಪೂರ್ತಿ ಮುಚ್ಚಿವೆ. ಆ ಮರಗಳ ನಡುವೆ ಒಂದೇ ಒಂದು ಸಂದು. ಸಂದಿನಲ್ಲಿ, ಜೌಗಿನ ಆಚೆ, ಗೋರ್ಡಿಯ ಹಲಗೆ ಮರೆಯ ಕಿಟಕಿ. ಅವನು ಕೂತಿದ್ದ ಜಾಗದ ಗುರುತಿಗೆಂದು ನಮ್ಮ ಜನ ಗೋರ್ಡಿಯ ಕಿತ್ತಳೆ ಬಣ್ಣದ ಬೇಟೆ ಟೋಪಿಯನ್ನು ಆ ಕಿಟಕಿಯಲ್ಲಿ ತೂಗುಹಾಕಿದ್ದರು. ಅದು ಒಲೆಯೊಳಗಿನ ಕೆಂಡದಂತೆ ನಿಚ್ಚಳವಾಗಿ ಕಾಣುತ್ತಿತ್ತು.

ಇಲ್ಲಿಂದ ಯಾರೂ ಮನುಷ್ಯನನ್ನು ಜಿಂಕೆ ಎಂದು ತಪ್ಪು ತಿಳಿಯಲಾರರು. ಎದ್ದು ನಿಂತೆ. ಆ ಜಾಗದಲ್ಲಿ ಇನ್ನೊಂದು ಕ್ಷಣ ಕೂರುವುದು ನನ್ನಿಂದಾಗಲಿಲ್ಲ.

“ಬೆವ್, ಮಚಾನು ಇಷ್ಟು ಹತ್ತಿರ ಇದೆಯಲ್ಲ,” ಎಂದ ಕರ್ಟ್. “ಇಲ್ಲಿ ಯಾರಾದ್ರೂ ಕೂತು ಹೊಡೆದಿದ್ರೆ ವೇಡ್‌ಗೆ ಕಾಣ್ತಿರಲಿಲ್ವಾ?”

“ಅವನು ಮೇಲಿರಲಿಲ್ಲ. ಹೊಡೆದ ಮೇಲೆ ಜಿಂಕೆಗೆ ತಾಗಿತೋ ಇಲ್ವೋ ಅಂತ ರಕ್ತ ಹುಡುಕ್ಕೊಂಡು ಇಳಿದು ಹೋಗಿದ್ದ. ಆ ಕಡೆ ಗುಡ್ಡದವರೆಗೂ ಹೋಗಿದ್ದ.”

“ಹಿಂದಿನಿಂದ ಗುಂಡಿನ ಸದ್ದು ಕೇಳಿರಬೇಕಲ್ಲ?”

“ಮೊದಲ ದಿನ ಬೆಳಿಗ್ಗೆ ಈ ಕಾಡಲ್ಲಿ ಗುಂಡಿನ ಸದ್ದು ಲೆಕ್ಕ ಇಡ್ತೀಯಾ ನೀನು?”

ಅವನು ಡಿಟೆಕ್ಟರ್ ಎತ್ತಿಕೊಂಡ.

ಆ ಬೆಳಿಗ್ಗೆ ಆಮೇಲೆ ನಡೆದದ್ದು ನೆನಪಾದರೆ ಈಗಲೂ ಸಂಕಟವಾಗುತ್ತದೆ. ಗುಂಡು ಹೊಡೆದು ಬರಿಗೈಯಲ್ಲಿ ಬಂದವನ ಅಂಗಿಯ ಹಿಂಬದಿ ಕತ್ತರಿಸಿ ಬೇಟೆ ಕ್ಯಾಂಪಿನ ಗೋಡೆಗೆ ಮೊಳೆ ಹೊಡೆಯುವುದು ನಮ್ಮಲ್ಲಿ ನಡೆದುಬಂದದ್ದು. ವೇಡ್ ಬರಿಗೈಯಲ್ಲಿ ಬಂದ. ಎಲ್ಲರೂ ನಗುತ್ತಾ ಅವನನ್ನು ಮೇಜಿನ ಮೇಲೆ ಬೋರಲು ಹಾಕಿದರು. ಕತ್ತರಿ ಹಿಡಿಯುವುದು ಯಾವಾಗಲೂ ಗೋರ್ಡಿ. ಅವನಿಗಾಗಿ ಕಾದರು. ಕಾಫಿ ಆರಿತು, ಅವನು ಬರಲಿಲ್ಲ. “ಮುದುಕ ನಿದ್ದೆ ಹೋಗಿರಬೇಕು” ಎಂದು ಕರೆತರಲು ಹೋದವನು ವೇಡ್ ತಾನೇ. ಅಂಗಿ ಹಾಗೇ ಉಳಿಯಿತು.

*

ಎಲ್ರಾಯ್ ಟ್ರೆಂಬಾತ್ ಕೋವಿ ರಿಪೇರಿ ಮಾಡುತ್ತಾನೆ, ಮತ್ತು ಇಡೀ ದಿನ ಮಾತಾಡುತ್ತಾನೆ. ಎರಡರಲ್ಲಿ ಯಾವುದು ಅವನ ಕಸುಬು ಎಂದು ನನಗೆ ಇನ್ನೂ ಗೊತ್ತಾಗಿಲ್ಲ.

“ಬಂದ್ಲಪ್ಪಾ,” ಎಂದ ನನ್ನನ್ನು ಕಂಡ ಕೂಡಲೇ. “ಪೊಲೀಸ್ ಗಾಡಿ ಅಂಗಡಿ ಎದುರಿಗೇ ನಿಲ್ಲಿಸ್ಬೇಕಾ? ನನ್ನ ಗಿರಾಕಿಗಳು ಕಾಲಿಗೆ ಬುದ್ಧಿ ಹೇಳ್ತಾರೆ.”

“ನಿನ್ನ ಗಿರಾಕಿಗಳು ಅಷ್ಟು ಸಾಚಾ ಆಗಿದ್ರೆ ಓಡೋದ್ಯಾಕೆ?”

ಅಂಗಡಿಯೊಳಗೆ ಎಣ್ಣೆಯ ವಾಸನೆ, ಮರದ ಹೊಟ್ಟಿನ ವಾಸನೆ. ಗೋಡೆಗೆ ಒರಗಿಸಿದ್ದ ಕೋವಿಗಳಲ್ಲಿ ಅರ್ಧದಷ್ಟು ಇದೇ ಬಗೆಯವು. ಕೆಲವಕ್ಕೆ ಮರ ಕಿತ್ತು ಕಪ್ಪು ಪ್ಲಾಸ್ಟಿಕ್ ಹಾಕಿಸಿದ್ದರು. ಕೆಲವಕ್ಕೆ ದೂರದರ್ಶಕ, ಕೆಲವಕ್ಕೆ ಎರಡು ಕಾಲಿನ ಊರುಗೋಲು. ಜಿಂಕೆಗಳು ತಿರುಗಿ ಗುಂಡು ಹೊಡೆಯುತ್ತವೆಂದು ಹೆದರಿದವರು ಮಾಡಿಸುವ ಕೆಲಸ ಎಂದು ನನ್ನ ಗಂಡ ಹೇಳುತ್ತಿರುತ್ತಾನೆ. ಅವನೂ ತನ್ನದಕ್ಕೆ ದೂರದರ್ಶಕ ಹಾಕಿಸಿದ್ದಾನೆ, ಆ ಮಾತು ಬೇರೆ.

ಚೀಲದೊಳಗಿದ್ದ ಮೊದಲ ತೋಟೆಯನ್ನು ಅವನ ದೀಪದ ಕೆಳಗಿಟ್ಟೆ. ಪಕ್ಕದಲ್ಲಿ ಇವತ್ತು ಸಿಕ್ಕಿದ್ದು.

ಅವನು ಕನ್ನಡಕ ಮೂಗಿಗೆ ಇಳಿಸಿ ನೋಡಿದ. ಒಂದೊಂದರ ಬಾಯಿಯನ್ನೂ ದೀಪಕ್ಕೆ ಹಿಡಿದ.

“ಒಂದು ಕಂಪನಿಯಿಂದ ಬಂದ ಹಾಗೇ ಇರೋ ಕೋವಿದು,” ಎಂದೆ ನಾನು. “ಇನ್ನೊಂದು ತಿದ್ದಿದ ಕೋವಿದು. ಸರೀನಾ?”

“ನಿನಗೇ ಗೊತ್ತಿದ್ಮೇಲೆ ನನ್ನ ಹತ್ರ ಯಾಕೆ ಬಂದೆ?”

“ನಿನ್ನ ಬಾಯಿಂದ ಕೇಳಬೇಕು.”

ಅವನು ನಿಟ್ಟುಸಿರು ಬಿಟ್ಟ. “ನಳಿಗೆ ಕೆಳಗೆ ಒಂದು ಸಣ್ಣ ಉಕ್ಕಿನ ಬಳೆ ಇರುತ್ತೆ. ಗುಂಡು ಹೊರಟಾಗ ಅದರ ತೂತಿನಲ್ಲಿ ಒತ್ತಡ ನುಗ್ಗಿ ಖಾಲಿ ತೋಟೆನ ಒದೆಯುತ್ತೆ. ಕಂಪನಿಯೋರು ತೂತು ದೊಡ್ಡದಾಗೇ ಇಡ್ತಾರೆ. ಸಣ್ಣ ತೂತಿನ ಬಳೆ ಹಾಕಿದ್ರೆ ಒದೆತ ಕಡಿಮೆ, ತೋಟೆ ಕಾಲ ಹತ್ರಾನೇ ಬೀಳುತ್ತೆ, ಬಾಯಿನೂ ಕೆಡೋಲ್ಲ. ತೋಟೆ ಆರಿಸ್ಕೊಂಡು ಮನೆಯಲ್ಲೇ ಮತ್ತೆ ಮದ್ದು ತುಂಬಿಸ್ಕೊಳ್ಳೋ ಜಿಪುಣರು ಮಾಡಿಸ್ಕೊಳ್ತಾರೆ. ಕಾನೂನು ಮೀರಿದ ಕೆಲಸ ಅಲ್ಲ, ಹೇಳಿರ್ತೀನಿ.”

“ಅಲ್ಲ ಅಂತ ನನಗೂ ಗೊತ್ತು. ಯಾರಿಗೆ ಮಾಡಿಕೊಟ್ಟೆ?”

“ಗಿರಾಕಿ ಹೆಸರು ಹೇಳೋ ಅಭ್ಯಾಸ ನನಗಿಲ್ಲ.”

“ಎಲ್ರಾಯ್,” ಎಂದೆ. “ನಾಳೆ ಬೆಳಿಗ್ಗೆ ವೇಡ್ ಮಾಡದೇ ಇರೋ ಕೊಲೆನ ತಲೆ ಮೇಲೆ ಹೊತ್ಕೊಳ್ತಾನೆ. ಆ ಹುಡುಗ ಅನ್ನ ನೀರು ಬಿಟ್ಟಿದ್ದಾನೆ. ಕಣ್ಣು ಮುಚ್ಚಿದ್ರೆ ಗೋರ್ಡಿ ಕಾಣ್ತಾನಂತೆ. ನನ್ನ ಹತ್ರ ಹೊತ್ತಿಲ್ಲ.”

ಅವನು ಎರಡೂ ತೋಟೆಗಳನ್ನು ನನ್ನತ್ತ ಸರಿಸಿದ. ಒರೆಸುವ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

“ಈ ಊರಲ್ಲಿ ಒಂದೇ ಒಂದು ಕೋವಿಗೆ ಹಾಕಿದೀನಿ. ಗೋರ್ಡಿದಕ್ಕೆ.”

“ಗೋರ್ಡಿ ಲಾಹ್ತಿದಕ್ಕಾ? ಸತ್ತಿರೋನದಕ್ಕಾ?”

“ಹೂಂ. ವಸಂತದಲ್ಲಿ ತಂದ. ಬಳೆ ಹಾಕ್ಸಿದ, ಮರಾನೂ ಕೊಯ್ಸಿದ. ಹೆಗಲಿಗೆ ಒತ್ತೋ ತುದಿನ ಮೂರು ಬೆರಳು ಗಿಡ್ಡ ಮಾಡು ಅಂದ. ಆರು ಅಡಿ ಆಳು ಅವನು, ನನ್ನ ಬಾಗಿಲಲ್ಲಿ ತಲೆ ತಗ್ಗಿಸಿ ಬರೋನು. ಅವನಿಗೆ ಯಾಕೆ ಗಿಡ್ಡ ಕೋವಿ?”

“ಕೇಳ್ಲಿಲ್ವಾ?”

“ಹೆಂಡತಿಗೆ ಅಂದ್ಕೊಂಡೆ,” ಎಂದ ಎಲ್ರಾಯ್. “ಮಾರ್ಲೀನ್ ಕುಳ್ಳಿ ತಾನೇ.”

*

ಮಾರ್ಲೀನ್ ಲಾಹ್ತಿಯ ಅಡುಗೆಮನೆಯಲ್ಲಿ ಮೇಜು ಕಾಣುತ್ತಿರಲಿಲ್ಲ. ಸಾವಿನ ಮನೆಯೆಂದು ಊರವರೆಲ್ಲ ತಂದಿಟ್ಟ ಪಾತ್ರೆಗಳು, ಮುಚ್ಚಿದ ತಟ್ಟೆಗಳು, ಏಲಕ್ಕಿ ಹಾಕಿದ ಬ್ರೆಡ್ಡುಗಳು. ಅವಳು ಒಬ್ಬಳೇ ನಿಂತು ಪಾತ್ರೆಗಳ ಅಡಿಯಲ್ಲಿ ಅಂಟಿಸಿದ್ದ ಹೆಸರುಗಳನ್ನು ಓದಿ ಬೇರೆ ಬೇರೆ ಇಡುತ್ತಿದ್ದಳು, ಹಿಂದಿರುಗಿಸುವಾಗ ಗಲಿಬಿಲಿಯಾಗಬಾರದೆಂದು.

“ಬೂಟು ಬಿಚ್ಚು,” ಎಂದಳು. “ಕಾಫಿ ಅಲ್ಲಿದೆ.”

ಬೂಟು ಬಿಚ್ಚಿದೆ. ಕಾಲುಚೀಲದಲ್ಲಿ ನಿಂತು ಒಬ್ಬ ವಿಧವೆಯನ್ನು ಸಂಶಯದಿಂದ ನೋಡುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು.

“ಮಾರ್ಲೀನ್, ಗೋರ್ಡಿಯ ಕೋವಿ ಕಪಾಟು ನೋಡಬೇಕಿತ್ತು.”

“ಅವನನ್ನ ಮಣ್ಣು ಮಾಡೋ ಮುಂಚೆನೇ?”

“ಹೂಂ. ಮುಂಚೆನೇ.”

ಅವಳು ಕೈ ಒರೆಸಿಕೊಂಡು ಮುಂದಿನ ಕೋಣೆಗೆ ನಡೆದಳು. ಗಾಜಿನ ಬಾಗಿಲಿನ ಕಪಾಟು. ಸಾಲಾಗಿ ನಿಲ್ಲಿಸಿದ ಕೋವಿಗಳ ನಡುವೆ, ಬಿದ್ದ ಹಲ್ಲಿನಂತೆ, ಒಂದು ಜಾಗ ಖಾಲಿ.

“ಇಲ್ಲಿದ್ದದ್ದು ಎಲ್ಲಿ?”

“ಇದ್ದದ್ದು ಇಲ್ಲ. ಕಾಣ್ತಿದೆಯಲ್ಲ.”

“ಅದರ ಮರ ಗಿಡ್ಡ ಮಾಡಿಸಿದ್ದ. ಎಲ್ರಾಯ್ ಹೇಳಿದ. ನಿನಗೋಸ್ಕರ ಅಲ್ವಾ?”

ಮಾರ್ಲೀನ್ ನಕ್ಕಳು. ಆ ನಗು ಕೇಳಿ ನನಗೆ ಹಿಂದೆ ಸರಿಯಬೇಕೆನ್ನಿಸಿತು.

“ನನಗೋಸ್ಕರ! ಬೆವ್, ನನ್ನ ಅಡುಗೆಮನೆ ಕಪಾಟು ನೋಡು. ಮದುವೆಯಾದ ವರ್ಷದಿಂದ ಕೆಳಗೆ ಇಳಿಸು ಅಂತ ಬಾಯಿ ಬಡ್ಕೊಂಡಿದೀನಿ. ಇವತ್ತಿಗೂ ಸ್ಟೂಲ್ ಹತ್ತಿ ಸಕ್ಕರೆ ತೆಗೀತೀನಿ. ನನಗೋಸ್ಕರ ಆ ಮನುಷ್ಯ ಕೋವಿ ಕತ್ತರಿಸ್ತಾನಾ?”

“ಮೊದಲ ದಿನ ಬೆಳಿಗ್ಗೆ ನೀನೆಲ್ಲಿದ್ದೆ?”

ಕೇಳಿಬಿಟ್ಟೆ. ಅವಳು ನನ್ನ ಮದುವೆಯಲ್ಲಿ ಹಾಡಿದವಳು, ನನ್ನ ಮಗಳಿಗೆ ಮೊದಲ ಟೋಪಿ ಹೆಣೆದವಳು.

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

“ಚರ್ಚಿನ ಅಡುಗೆಮನೆಯಲ್ಲಿ. ಬೇಟೆಗಾರರಿಗೆ ಮಾಂಸ ತುಂಬಿದ ಪ್ಯಾಸ್ಟಿ ಕಡುಬು ಮಾಡ್ತಾ ಇದ್ದೆ, ಪ್ರತಿ ವರ್ಷದ ಹಾಗೆ. ನಿನ್ನ ತಂಗಿ ನನ್ನ ಪಕ್ಕದಲ್ಲೇ ಗಡ್ಡೆ ಹೆಚ್ತಾ ಇದ್ಲು. ಅವಳು ಹೆಚ್ಚೋದು ನೋಡಿ ನನಗೆ ತಲೆಕೆಟ್ಟು ಚಾಕು ಕಿತ್ಕೊಂಡೆ. ಕೇಳು ಹೋಗು, ಮರೆತಿರಲ್ಲ.”

ನಿಜವೆಂದು ಅಲ್ಲೇ ಗೊತ್ತಾಯಿತು. ಆ ಚಾಕುವಿನ ಕತೆಯನ್ನು ನನ್ನ ತಂಗಿ ಆಗಲೇ ನನಗೆ ಹೇಳಿ ಅತ್ತಿದ್ದಳು.

“ಹಾಗಾದ್ರೆ ಯಾರ ಹೆಗಲಿಗೆ ಕತ್ತರಿಸಿದ್ದು?”

ಅವಳು ಕಪಾಟಿನ ಗಾಜಿನ ಮೇಲಿದ್ದ ಬೆರಳಿನ ಗುರುತನ್ನು ಸೊಂಟಕ್ಕೆ ಕಟ್ಟಿಕೊಂಡ ಅಡುಗೆಬಟ್ಟೆಯ ತುದಿಯಿಂದ ಒರೆಸಿದಳು.

“ಮಾರ್ಲೀನ್. ಹುಡುಗ ನಾಳೆ ಕೋರ್ಟಿಗೆ ಹೋಗ್ತಾನೆ.”

“ಹೋಗ್ತಾನೆ ಅಂತಲೇ ನಾನು ಬಾಯಿಗೆ ಬೀಗ ಹಾಕ್ಕೊಂಡಿರೋದು,” ಎಂದಳು ಮೆಲ್ಲಗೆ. “ತಪ್ಪಿ ಹಾರಿದ ಗುಂಡು ಅಂದ್ರೆ ಸ್ವಲ್ಪ ಕಾಲ ಒಳಗಿದ್ದು ಬರ್ತಾನೆ. ಎಲ್ಲರೂ ಕ್ಷಮಿಸ್ತಾರೆ. ನಾನೂ ಕ್ಷಮಿಸ್ತೀನಿ ಅಂತ ಜಡ್ಜ್‌ಗೆ ಹೇಳೋಳಿದ್ದೆ. ನೀನು ಕೆದಕ್ತಾ ಇದೀಯ.”

“ಕೆದಕೋದೇ ನನ್ನ ಕೆಲಸ.”

“ಟೆಸ್ಸಾಗೆ.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾಗುವುದು ಬೇಡವಾಗಿತ್ತು.

“ವೇಡ್‌ನ ಹೆಂಡತಿಗಾ?”

“ವೇಡ್ ಕಾಡು ಕಡಿಯೋ ಕೆಲಸಕ್ಕೆ ದೂರ ಹೋಗಿರ್ತಿದ್ದ. ಹುಡುಗಿ ಒಬ್ಬಳೇ ಇರ್ತಾಳೆ, ಕೋವಿ ಹಿಡಿಯೋಕೆ ಕಲೀಲಿ ಅಂದ ನನ್ನ ಗಂಡ. ಬೇಸಿಗೆಯಿಡೀ ಜಲ್ಲಿ ಗುಂಡಿ ಹತ್ರ ಕರ್ಕೊಂಡು ಹೋಗಿ ಗುರಿ ಕಲಿಸ್ದ. ಚೆನ್ನಾಗಿ ಕಲಿತ್ಲು. ಕೊನೆಗೆ ಕೋವಿನೂ ಅವಳಿಗೇ ಕೊಟ್ಟ.” ಅವಳ ಬಟ್ಟೆ ಗಾಜಿನ ಇನ್ನೊಂದು ಮೂಲೆಗೆ ಸರಿಯಿತು. “ಆಮೇಲೆ ಎಲೆ ಉದುರೋ ಹೊತ್ತಿಗೆ ಅವಳು ನಮ್ಮನೆಗೆ ಬರೋದು ನಿಲ್ಲಿಸಿದ್ಲು. ರಸ್ತೆಯಲ್ಲಿ ಗೋರ್ಡಿ ಟ್ರಕ್ ಕಂಡ್ರೆ ಹತ್ತಿರದ ಅಂಗಡಿ ಒಳಗೆ ನುಗ್ಗಿಬಿಡ್ತಿದ್ಲು. ಒಂದು ಸಲ ಬ್ಯಾಂಕಿಗೆ ನುಗ್ಗಿದ್ಲು, ಅವಳಿಗೆ ಅಲ್ಲಿ ಖಾತೆನೇ ಇಲ್ಲ.”

“ನೀನು ಅವನನ್ನ ಏನೂ ಕೇಳ್ಲಿಲ್ವಾ?”

“ಕೇಳಿದ್ರೆ ಏನು ಹೇಳ್ತಿದ್ದ ಅಂತ ನನಗೆ ಗೊತ್ತಿತ್ತು. ಹೇಳದೇ ಇರೋದು ಏನು ಅಂತಲೂ ಗೊತ್ತಿತ್ತು.” ಅವಳು ಗಾಜು ಒರೆಸುವುದನ್ನು ನಿಲ್ಲಿಸಿದಳು. “ಗೋರ್ಡಿ ಎಂಥ ಒಳ್ಳೆಯವನು ಅಂತ ಊರೆಲ್ಲ ಹೇಳ್ತಿದೆ, ಅಡುಗೆ ತಂದುಕೊಡ್ತಿದೆ. ಹೇಳ್ಲಿ ಬಿಡು.”

ನಾನು ಬೂಟು ಹಾಕಿಕೊಳ್ಳುವಾಗ ಅವಳು ಕಾಗದದಲ್ಲಿ ಸುತ್ತಿದ ಒಂದು ಬಿಸಿ ಪ್ಯಾಸ್ಟಿಯನ್ನು ನನ್ನ ಕೈಗಿಟ್ಟಳು.

“ಹುಡುಗ ಏನೂ ತಿಂತಿಲ್ಲವಂತೆ. ಇದು ಕೊಡು. ನಾನು ಕೊಟ್ಟೆ ಅಂತ ಹೇಳು.”

*

ವೇಡ್‌ಗೆ ಹನ್ನೆರಡು ವರ್ಷವಾಗಿದ್ದಾಗ ಬೇಟೆಯ ಸುರಕ್ಷತೆಯ ಪಾಠ ಹೇಳಿಕೊಟ್ಟವಳು ನಾನೇ. ಪರೀಕ್ಷೆಯಲ್ಲಿ ಎಲ್ಲಕ್ಕೂ ಸರಿ ಉತ್ತರ ಬರೆದು, ಕೊನೆಯಲ್ಲಿ “ಧನ್ಯವಾದ” ಎಂದೂ ಬರೆದಿದ್ದ. ಈಗ ಜೈಲಿನ ಭೇಟಿ ಕೋಣೆಯಲ್ಲಿ ಅವನ ಕೆನ್ನೆಗಳು ಒಳಗೆ ಹೋಗಿದ್ದವು. ವಕೀಲರು ಬೇಡ, ಯಾರೂ ಬೇಡ ಎಂದಿದ್ದ.

“ಮಿಸೆಸ್ ಸಾರೆಲಾ,” ಎಂದ. ಇವತ್ತಿಗೂ ನನ್ನನ್ನು ಕರೆಯುವುದು ಹಾಗೇ.

ಅವನ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ಮೊದಲು ಇದು ಕೇಳಬೇಕು, ಆಮೇಲೆ ಅದು ಹೇಳಬೇಕು ಎಂದು. ಎಲ್ಲ ಮರೆತುಹೋಯಿತು.

“ವೇಡ್, ಗೋರ್ಡಿಗೆ ತಗುಲಿದ್ದು ನಿನ್ನ ಗುಂಡಲ್ಲ.”

ಅವನು ನನ್ನನ್ನೇ ನೋಡಿದ.

“ನಿನ್ನ ತೋಟೆ ಇವತ್ತು ಸಿಕ್ಕಿತು. ಎಲ್ಲಿ ಬೀಳಬೇಕಿತ್ತೋ ಅಲ್ಲೇ ಬಿದ್ದಿತ್ತು, ಬಾಯಿ ಚಪ್ಪಟೆ. ಶೆರಿಫ್‌ಗೆ ಸಿಕ್ಕಿದ್ದು ಬೇರೆ ಕೋವಿದು. ಇನ್ಯಾರೋ ಹೊಡೆದಿದ್ದಾರೆ. ನೀನಲ್ಲ.”

“ನಾನಲ್ವಾ?”

“ನೀನಲ್ಲ ಕಣೋ.”

ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ದೊಡ್ಡ ಮೈಯ ಆ ಹುಡುಗ ಬಿಕ್ಕಿ ಬಿಕ್ಕಿ ಅತ್ತ. ನಾನು ಅವನ ಬೆನ್ನು ಸವರಿದೆ. ನನಗೂ ಕಣ್ಣು ತುಂಬಿತ್ತು, ಹೇಳಲು ನಾಚಿಕೆಯೇನಿಲ್ಲ.

“ಅವನ ಮುಖ ನೋಡಿದವನು ನಾನು,” ಎಂದ. “ಕರೆಯೋಕೆ ಹೋದೆ. ತಮಾಷೆ ಮಾಡ್ತಾ ಬಾಗಿಲು ತೆಗೆದೆ, ‘ಏಳೋ ಮುದುಕ, ನನ್ನ ಅಂಗಿ ಕಾಯ್ತಾ ಇದೆ’ ಅಂತ...”

“ಸಾಕು. ತಿನ್ನು ಮೊದಲು. ಮಾರ್ಲೀನ್ ಕೊಟ್ಟಿದ್ದು.”

ಮಾರ್ಲೀನ್ ಹೆಸರು ಕೇಳಿ ಅವನು ಮತ್ತೆ ಕಣ್ಣೊರೆಸಿಕೊಂಡ. ಆಮೇಲೆ ಕಾಗದ ಹರಿದು ತಿನ್ನತೊಡಗಿದ. ಎಷ್ಟು ಹಸಿದಿದ್ದನೆಂದರೆ ಮಾಂಸ, ಆಲೂಗಡ್ಡೆ, ಹೊರಗಿನ ಹಿಟ್ಟು ಎಲ್ಲ ಒಟ್ಟಿಗೇ ಬಾಯಿಗೆ ತುಂಬಿಕೊಂಡ. ನೋಡಲು ಸಮಾಧಾನವಾಯಿತು. ಇಷ್ಟು ದಿನದಲ್ಲಿ ಮೊದಲ ಸಲ ಎಲ್ಲ ಸರಿಹೋಗಬಹುದು ಎನ್ನಿಸಿತು.

“ಹೊಡೆದವನು ಎಲ್ಲಿದ್ದ?” ಎಂದ ಬಾಯಿ ತುಂಬ ಇಟ್ಟುಕೊಂಡೇ.

“ನಿನ್ನ ಮಚಾನಿನ ಮುಂದೆ, ಬೊಡ್ಡೆ ಮೇಲೆ. ನೀನು ರಕ್ತ ಹುಡುಕ್ಕೊಂಡು ಹೋದ ಮೇಲೆ ಬಂದಿರಬೇಕು.”

“ನನ್ನ ಮಚಾನಿನ ಹತ್ರ? ಅಲ್ಲಿಗೆ ಯಾರು...” ಅವನು ಹುಬ್ಬುಗಂಟಿಕ್ಕಿದ. “ಹಾಗಾದ್ರೆ ಆ ಕಾಫಿ...”

“ಯಾವ ಕಾಫಿ?”

ಅಗಿಯುತ್ತಿದ್ದ ಅವನ ದವಡೆ ನಿಂತಿತು.

“ವೇಡ್, ಯಾವ ಕಾಫಿ?”

“ಏನಿಲ್ಲ. ಸುಮ್ನೆ.”

ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಹೊರಗೆ ಕತ್ತಲಾಗುತ್ತಾ ಬಂದಿತ್ತು, ಕೇಳಲೇಬೇಕಿದ್ದ ಪ್ರಶ್ನೆ ಇನ್ನೂ ಉಳಿದಿತ್ತು.

“ಟೆಸ್ಸಾಗೆ ಗೋರ್ಡಿ ಕೊಟ್ಟ ಕೋವಿ ಇದೆಯಲ್ಲ, ಗಿಡ್ಡ ಮರದ್ದು. ಅದು ಈಗ ನಿಮ್ಮನೆಯಲ್ಲಿದೆಯಾ?”

ಅವನ ಮುಖದ ಬಣ್ಣ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಮೊದಲು 'ಯಾವ ಕೋವಿ' ಎಂಬ ಗೊಂದಲ, ಆಮೇಲೆ ನೆನಪು, ಆಮೇಲೆ ಭಯ. ಆ ಬೆಳಿಗ್ಗೆ ಅವನು ಗುಡ್ಡದಿಂದ ಮರಳುವಷ್ಟರಲ್ಲಿ ಮಚಾನಿನಲ್ಲಿ ಅವನಿಗಾಗಿ ಯಾರೋ ಕಾಫಿ ಇಟ್ಟುಹೋಗಿದ್ದರು ಎಂದು ನನಗೆ ಹೊಳೆಯಿತು. ಅದನ್ನು ತಂದವಳು ಟೆಸ್ಸಾ ಎಂದು ಅವನಿಗೆ ಗೊತ್ತಿತ್ತು. ಅವತ್ತು ಅದರಲ್ಲಿ ಪ್ರೀತಿಯಲ್ಲದೆ ಬೇರೇನೂ ಅವನಿಗೆ ಕಂಡಿರಲಿಲ್ಲ.

ಉಳಿದ ಪ್ಯಾಸ್ಟಿಯನ್ನು ಅವನು ಕಾಗದದ ಮೇಲೆ ಇಟ್ಟ. ಬೆರಳು ಒರೆಸಿಕೊಂಡ. ಅಳುತ್ತಿದ್ದ ಹುಡುಗ ಎಲ್ಲೋ ಹೋಗಿದ್ದ.

“ಎರಡು,” ಎಂದ.

“ಏನೆರಡು?”

“ನಾನು ಎರಡು ಗುಂಡು ಹೊಡೆದೆ. ಒಂದು ಜಿಂಕೆಗೆ, ನನ್ನ ಕೋವಿಯಿಂದ. ಆಮೇಲೆ ಇಳಿದು ಬೊಡ್ಡೆ ಮೇಲೆ ಕೂತು ಇನ್ನೊಂದು. ಅವಳ ಕೋವಿಯಿಂದ. ನಾನೇ ತಗೊಂಡು ಹೋಗಿದ್ದೆ.”

“ವೇಡ್, ಸುಳ್ಳು ಹೇಳಬೇಡ. ಒಂದೇ ಅಂತ ತಾಯಾಣೆ ಹಾಕಿದ್ದೆ ನೀನು.”

“ಆಗ ಹೇಳಿದ್ದು ಸುಳ್ಳು. ಈಗ ಹೇಳ್ತಿರೋದು ನಿಜ.”

“ಇದು ಏನು ಅಂತ ಗೊತ್ತಾಗ್ತಿದೆಯಾ ನಿನಗೆ? ಗುರಿ ತಪ್ಪಿದ್ದು ಅಲ್ಲ ಇದು. ನೋಡಿ ನೋಡಿ ಮನುಷ್ಯನಿಗೆ ಹೊಡೆದದ್ದು. ಜೀವನಪೂರ್ತಿ ಒಳಗೆ ಹಾಕ್ತಾರೆ!”

“ಗೊತ್ತು. ನೀವೇ ಪಾಠ ಹೇಳಿದ್ರಲ್ಲ, ಎದುರಿಗೆ ಏನಿದೆ ಅಂತ ನೋಡದೆ ಹೊಡೀಬಾರದು ಅಂತ. ನೋಡಿದ್ದೆ. ನೋಡೇ ಹೊಡೆದೆ.”

ನನಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅವನನ್ನು ಉಳಿಸಲು ಹೋಗಿ ನಾನು ಮಾಡಿದ್ದೇನು? ಬೆಳಿಗ್ಗೆ ಆಕಸ್ಮಿಕವಾಗಿದ್ದದ್ದು ಸಂಜೆಯ ಹೊತ್ತಿಗೆ ಕೊಲೆಯಾಗಿತ್ತು. ಬರೀ ನನ್ನ ಆತುರದ ಬಾಯಿಯಿಂದ.

ಬಾಗಿಲು ತಟ್ಟಿದ ಸದ್ದಾಯಿತು. ಕರ್ಟ್ ತಲೆ ಒಳಗೆ ಹಾಕಿದ. ಅವನ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ.

“ಬೆವ್, ಸ್ವಲ್ಪ ಹೊರಗೆ ಬನ್ನಿ.”

“ಅಲ್ಲಿಂದಲೇ ಹೇಳು.”

ಅವನು ವೇಡ್‌ನತ್ತ ನೋಡಿ ಅನುಮಾನಿಸಿದ. “ಟೆಸ್ಸಾ ಬಂದಿದಾಳೆ. ಒಂದು ಕೋವಿ ತಂದಿದಾಳೆ. ಮೇಜಿನ ಮೇಲಿಟ್ಟು, ನಿಮ್ಮ ಹತ್ರ ಮಾತ್ರ ಮಾತಾಡ್ತೀನಿ ಅಂತ ಕೂತಿದಾಳೆ.”

ವೇಡ್ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಕರ್ಟ್‌ನ ಕೈ ಸೊಂಟಕ್ಕೆ ಹೋಯಿತು. ಆದರೆ ವೇಡ್ ಬಾಗಿಲ ಕಡೆ ನುಗ್ಗಲಿಲ್ಲ. ಮೇಜಿನ ಮೇಲಿದ್ದ ನನ್ನ ಪೆನ್ನನ್ನು ಎತ್ತಿ, ನನ್ನ ಬೆರಳುಗಳನ್ನು ಬಿಡಿಸಿ, ಕೈಯೊಳಗೆ ತುರುಕಿದ.

“ಮೊದಲು ನಂದು ಬರ್ಕೊಳ್ಳಿ, ಮಿಸೆಸ್ ಸಾರೆಲಾ,” ಎಂದ. “ನಿಮ್ಮ ಕಾಲಿಗೆ ಬೀಳ್ತೀನಿ. ಅವಳು ಬಾಯಿ ಬಿಡೋ ಮುಂಚೆ ನಂದು ಬರ್ಕೊಳ್ಳಿ.”